ಬಲೆಹನಿ

ತಿಂಗಳ ಗುಳಿಗೆ ಬಂದ ಮೇಲೆ ಹುಬ್ಬಳ್ಳಿಯ ಮನೆಗಳಲ್ಲಿ ಒಂದು ಕೂಗು ನಿಂತುಹೋಯಿತು. ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ಒಳಗಿನಿಂದ ಯಾರಾದರೊಬ್ಬರು "ಬಿಪಿ ಗುಳಿಗಿ ತಗೊಂಡ್ರಿಲ್ಲೋ?" ಎಂದು ಕೇಳುವುದು, ಹೊರಗಿನಿಂದ ಮತ್ತೊಬ್ಬರು ತಗೊಳ್ಳದೆಯೇ "ಹೂಂ" ಅನ್ನುವುದು, ಎರಡೂ ಇಲ್ಲವಾದವು. ಈಗ ತಿಂಗಳಿಗೆ ಒಂದೇ ಒಂದು ಗುಳಿಗೆ. ನುಂಗುವಾಗ ಅದು ಸಾಮಾನ್ಯ ಕ್ಯಾಪ್ಸೂಲಿನಂತೆಯೇ ಇರುತ್ತಿತ್ತು. ಹೊಟ್ಟೆಗಿಳಿದ ಮೇಲೆ ಹೊರಗಿನ ಸಿಪ್ಪೆ ಕರಗಿ, ಒಳಗೆ ಮಡಚಿಟ್ಟಿದ್ದ ಆರು ತೋಳಿನ ನಕ್ಷತ್ರವೊಂದು ಕೊಡೆಯಂತೆ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಿಕೊಂಡ ನಕ್ಷತ್ರ ಕರುಳಿನ ಇಕ್ಕಟ್ಟಾದ ದಾರಿಗೆ ಇಳಿಯಲಾರದು. ಜಠರದಲ್ಲೇ ಕೂತು, ದಿನಕ್ಕಿಷ್ಟು ಎಂದು ಮದ್ದನ್ನು ಒಸರುತ್ತ, ತಿಂಗಳು ತುಂಬಿದಾಗ ತೋಳು ಕಳಚಿಕೊಂಡು ತಾನಾಗಿ ಹೊರಟುಹೋಗುತ್ತಿತ್ತು.

ಎಷ್ಟೋ ಜನ ಇದರಿಂದ ಬದುಕಿದರು, ಅದರಲ್ಲಿ ಸುಳ್ಳಿಲ್ಲ. ಮರೆವಿನಿಂದ ಮದ್ದು ತಪ್ಪಿಸಿ ಲಕ್ವ ಹೊಡೆಸಿಕೊಳ್ಳುವವರ ಸಂಖ್ಯೆ ಅರ್ಧಕ್ಕಿಳಿಯಿತು. ಆಸ್ಪತ್ರೆಗಳ ಹೃದಯ ವಿಭಾಗದಲ್ಲಿ ಹಾಸಿಗೆಗಳು ಖಾಲಿ ಕಾಣತೊಡಗಿದವು.

ಡಾಕ್ಟರ್ ಮೃಣಾಲಿನಿ ಸವಣೂರ ಮಾತ್ರ ಆ ನಕ್ಷತ್ರವನ್ನು ಪೂರ್ತಿ ನಂಬಿರಲಿಲ್ಲ. ಆಕೆ ವರದಾ ಆಸ್ಪತ್ರೆಯ ವಿಷಚಿಕಿತ್ಸೆ ವಿಭಾಗದ ಮುಖ್ಯಸ್ಥೆ. ಹಾವು ಕಡಿದವರು, ಹತ್ತಿಗೆ ಹೊಡೆಯುವ ಔಷಧ ಕುಡಿದವರು, ಅಜ್ಜನ ಗುಳಿಗೆಯನ್ನು ಪೆಪ್ಪರಮೆಂಟು ಎಂದುಕೊಂಡ ಮಕ್ಕಳು, ಎಲ್ಲರೂ ಬಂದು ಸೇರುವುದು ಆಕೆಯ ಕೈಗೆ. "ತಿಂಗಳ ಮದ್ದು ಹೊಟ್ಟ್ಯಾಗ ಕೂತದ ಅಂದ ಮ್ಯಾಲೆ, ಅದು ಒಂದ ದಿನದಾಗ ಬಿಡುಗಡೆ ಆದ್ರ ಏನು ಮಾಡೋಣು?" ಎಂದು ಆಕೆ ಎಲ್ಲ ಸಭೆಗಳಲ್ಲೂ ಕೇಳುತ್ತಿದ್ದಳು. ಕಂಪನಿಯವರು ನಗುತ್ತಿದ್ದರು. ಹಾಗಾಗದಂತೆ ನೋಡಿಕೊಂಡಿದ್ದೇವೆ ಮೇಡಂ, ಎನ್ನುತ್ತಿದ್ದರು.

ನಗುವವರು ನಗಲಿ ಎಂದು ಆಕೆ ತನ್ನ ಕೆಲಸ ಶುರುಮಾಡಿದ್ದಳು. ಆಸ್ಪತ್ರೆಯ ಹಿಂದೆ ಬಟ್ಟೆ ಒಗೆಯುವ ಹಳೆಯ ಕಟ್ಟಡವೊಂದು ಪಾಳುಬಿದ್ದಿತ್ತು. ಅದನ್ನು ಕೇಳಿ ಪಡೆದು, ತೇಜಸ್ವಿನಿ ಕಮ್ಮಾರ ಎಂಬ ರಸಾಯನಶಾಸ್ತ್ರದ ತರುಣಿಯನ್ನು ಜೊತೆಗೆ ಹಾಕಿಕೊಂಡು, ಅಲ್ಲೊಂದು ಪ್ರಯೋಗಾಲಯ ಕಟ್ಟಿದಳು. ಅಲ್ಲಿ ಹುಟ್ಟಿದ್ದು ಬಲೆಹನಿ.

ಬಲೆಹನಿ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ. ಮೇಲೆ ಎಣ್ಣೆಯ ತೊಗಲು, ಒಳಗೆ ಹುಳಿನೀರು. ನಕ್ಷತ್ರದೊಳಗಿನ ಬಿಪಿ ಮದ್ದಿಗೊಂದು ಗುಣವಿದೆ: ಎಣ್ಣೆಯ ತೊಗಲನ್ನು ಸಲೀಸಾಗಿ ದಾಟುತ್ತದೆ, ಆದರೆ ಹುಳಿಯೊಳಗೆ ಬಿದ್ದ ತಕ್ಷಣ ಅದಕ್ಕೆ ವಿದ್ಯುದಂಶ ಅಂಟಿಕೊಂಡು ಮತ್ತೆ ಎಣ್ಣೆಯನ್ನು ದಾಟಲಾಗುವುದಿಲ್ಲ. ಒಳಗೆ ಬರಲು ಬಾಗಿಲುಂಟು, ಹೊರಗೆ ಹೋಗಲು ಇಲ್ಲ. ಇಂಥ ಕೋಟಿಗಟ್ಟಲೆ ಗುಳ್ಳೆಗಳು ತೇಲುವ ದ್ರವ ನೋಡಲು ಥೇಟ್ ಹಾಲು. ಅದನ್ನು ಒಂದು ಚೀಲದಿಂದ ಕೊಳವೆಯ ಮೂಲಕ ರೋಗಿಯ ಹೊಟ್ಟೆಯ ಪೊಳ್ಳಿಗೆ ಬಿಡಬೇಕು. ಕರುಳಿನ ಸುತ್ತಲಿನ ತೆಳುಪೊರೆಯ ಆಚೆ ರಕ್ತ ಹರಿಯುತ್ತಿರುತ್ತದೆ. ರಕ್ತದಲ್ಲಿನ ಮದ್ದು ಪೊರೆ ದಾಟಿ ಬಂದು ಬಲೆಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಹಾಲನ್ನು ಹೊರಗೆ ಹರಿಸಿ ಹೊಸ ಚೀಲ ಹಾಕುವುದು. ಮೂತ್ರಪಿಂಡದವರಿಗೆ ಮಾಡುವ ಯಂತ್ರದ ಡಯಾಲಿಸಿಸ್ ಈ ಮದ್ದನ್ನು ತೊಳೆಯಲಾರದು. ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡು, ಮೈಯ ಮಾಂಸದೊಳಗೆಲ್ಲ ಅಡಗಿ ಕೂತುಬಿಡುತ್ತದೆ. ಬಲೆಹನಿಗೆ ಯಂತ್ರವೇ ಬೇಡ, ಚೀಲ ನೇತುಹಾಕಲು ಒಂದು ಗೂಟ ಸಾಕು.

ತೇಜಸ್ವಿನಿ ಅದಕ್ಕೊಂದು ಜಾಣತನವನ್ನೂ ಸೇರಿಸಿದ್ದಳು. ಗುಳ್ಳೆಯೊಳಗೆ ಮದ್ದು ತುಂಬಿ ಹುಳಿ ಸತ್ತಂತೆ ಹಾಲಿನ ಬಣ್ಣ ಹಳದಿಗೆ ತಿರುಗುತ್ತಿತ್ತು. ಹೊರಬಂದ ಚೀಲ ನೋಡಿದರೆ ಸಾಕು, ಬಲೆ ತುಂಬಿತೋ ಇಲ್ಲವೋ ತಿಳಿಯುತ್ತಿತ್ತು. ಆಡುಗಳ ಮೇಲೆ ಪ್ರಯೋಗ ಮುಗಿದಿತ್ತು. ಬೇರೆ ಎಲ್ಲ ದಾರಿ ಮುಚ್ಚಿದಾಗ, ಮನೆಯವರು ಒಪ್ಪಿದರೆ ಮಾತ್ರ, ಮನುಷ್ಯರಿಗೆ ಹಾಕಬಹುದೆಂದು ಸಮಿತಿ ಅನುಮತಿ ಕೊಟ್ಟಿತ್ತು. ಆ ಅನುಮತಿಯನ್ನು ಬಳಸುವ ಪ್ರಸಂಗ ಇನ್ನೂ ಬಂದಿರಲಿಲ್ಲ.

ಮೃಣಾಲಿನಿಯ ಮನೆಯಲ್ಲೇ ಆಕೆಗೊಬ್ಬ ಪ್ರತಿವಾದಿ ಇದ್ದರು: ಅತ್ತೆ ಇಂದೂಬಾಯಿ. ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಹಿಂದೊಮ್ಮೆ ಗುಳಿಗೆ ಮರೆತು ಅರ್ಧ ದಿನ ಬಾಯಿ ಸೊಟ್ಟಗಾಗಿ, ದೇವರ ದಯೆಯಿಂದ ಸರಿಯಾಗಿದ್ದರು. ಅಂದಿನಿಂದ ಅವರಿಗೆ ತಿಂಗಳ ಗುಳಿಗೆಯೆಂದರೆ ಅಭಿಮಾನ. ಮೃಣಾಲಿನಿಯ ಗಂಡ ಗುರುನಾಥ ರೈಲ್ವೆ ಸಿಗ್ನಲ್ ಕೆಲಸಕ್ಕೆಂದು ಊರೂರು ತಿರುಗುವವನಾದ್ದರಿಂದ ಮನೆಯಲ್ಲಿ ಹೆಚ್ಚಾಗಿ ಇವರಿಬ್ಬರೇ.

"ನಿನಗ ಸಂಶಯದ ಜಡ್ಡು ಅದ ನೋಡವಾ" ಎಂದರು ಇಂದೂಬಾಯಿ ಅವತ್ತು ಮುಂಜಾನೆ, ಅವಲಕ್ಕಿಗೆ ಒಗ್ಗರಣೆ ಹಾಕುತ್ತ. "ಈ ಚುಕ್ಕಿ ಹೊಟ್ಯಾಗ ಕೂತಾಗಿಂದ ನಾ ಎಷ್ಟ ಆರಾಮ ಇದ್ದೇನಿ."

"ಆರಾಮ ಇರ್ರಿ ಅತ್ಯಾ, ನಾ ಯಾವಾಗ ಬ್ಯಾಡ ಅಂದೆ? ಚುಕ್ಕಿ ಮುನಿಸಿಕೊಂಡ್ರ ಏನು ಮಾಡೋದು ಅಂತ ವಿಚಾರ ಮಾಡಲಿಕ್ಕತ್ತೇನಿ, ಅಷ್ಟ."

"ಮುನಿಸಿಕೊಳ್ಳಲಿಕ್ಕ ಅದೇನು ನಿನ್ನ ಗಂಡನ?"

ಮೃಣಾಲಿನಿ ನಕ್ಕಳು. ಆಕೆಯ ನಗು ಆಸ್ಪತ್ರೆಯಲ್ಲೆಲ್ಲ ಪ್ರಸಿದ್ಧ. ಮೂರು ವಾರ್ಡಿಗೆ ಕೇಳಿಸುತ್ತದೆ ಎನ್ನುತ್ತಿದ್ದರು. ನಗುತ್ತಲೇ ಡಬ್ಬಿ ಕಟ್ಟಿಕೊಂಡು ಹೊರಟಳು.

ಆ ಮಧ್ಯಾಹ್ನ ಮೌಲಾಸಾಬ ನದಾಫರನ್ನು ತಂದರು.

ಹಳಿಯಾಳದಲ್ಲಿ ಹೆಣ್ಣುಮಕ್ಕಳಿಗೆ ಕುಸ್ತಿ ಕಲಿಸುವ ಉಸ್ತಾದ್ ಅವರು. ಅರವತ್ತು ದಾಟಿದ್ದರೂ ಹೆಗಲು ಎತ್ತಿನ ಹಿಣಿಲಿನಂತಿತ್ತು. ಹಿಂದಿನ ದಿನ ಹುಬ್ಬಳ್ಳಿಯಲ್ಲಿ ನಡೆದ ರಾಜ್ಯಮಟ್ಟದ ಪಂದ್ಯದಲ್ಲಿ ಅವರ ಶಿಷ್ಯೆಯೊಬ್ಬಳು ಬಂಗಾರ ಗೆದ್ದಿದ್ದಳು. ರಾತ್ರಿ ಎಲ್ಲರೂ ಸೇರಿ ಭರ್ಜರಿ ಊಟ ಮಾಡಿದ್ದರು. ಬೆಳಿಗ್ಗೆ ಊರಿಗೆ ಹೊರಡಬೇಕೆನ್ನುವಾಗ ಉಸ್ತಾದರಿಗೆ ತಲೆ ತಿರುಗಿತು. ಕೂತರು, ಮಲಗಿದರು, ಏಳಲಿಲ್ಲ. ಮಗಳು ಶಾಹೀನ್, ಆಕೆಯೂ ಕುಸ್ತಿಪಟುವೇ, ಅಷ್ಟು ದೊಡ್ಡ ಮನುಷ್ಯನನ್ನು ಹೆಗಲ ಮೇಲೆ ಹೊತ್ತು ವಸತಿಗೃಹದ ಮೆಟ್ಟಿಲಿಳಿದಿದ್ದಳು.

ಮೃಣಾಲಿನಿ ನಾಡಿ ಹಿಡಿದಳು. ಬೆರಳಿಗೆ ಒಂದು ಬಡಿತ ಸಿಕ್ಕಿ, ಮುಂದಿನದು ಬರುವಷ್ಟರಲ್ಲಿ ಬರುತ್ತದೋ ಇಲ್ಲವೋ ಎಂಬ ಅನುಮಾನ ಹುಟ್ಟುವಂತಿತ್ತು. ರಕ್ತದೊತ್ತಡ ಪಾತಾಳದಲ್ಲಿತ್ತು. ಇಷ್ಟೆಲ್ಲ ಇದ್ದೂ ಕೈಕಾಲು ಬೆಚ್ಚಗಿದ್ದವು. ರಕ್ತದ ಸಕ್ಕರೆ ನೋಡಿದಳು. ಮೇಲೆ ಮೇಲೆ ಏರಿತ್ತು.

"ತಂದಿಯವರಿಗೆ ಸಕ್ಕರಿ ಬ್ಯಾನಿ ಅದ ಏನು?"

"ಇಲ್ಲರಿ. ಬಿಪಿ ಒಂದ ಐತ್ರಿ. ತಿಂಗಳ ಗುಳಿಗಿ ನುಂಗತಾರ. ಹೋದ ವಾರ ಹೊಸಾದು ನುಂಗ್ಯಾರ."

ಮೃಣಾಲಿನಿ ಮನಸ್ಸಿನಲ್ಲೇ ಎಣಿಸಿದಳು. ಬೆಚ್ಚಗಿನ ಮೈ, ನಿಧಾನದ ನಾಡಿ, ಏರಿದ ಸಕ್ಕರೆ. ಇವು ಮೂರೂ ಒಟ್ಟಿಗೆ ಬಂದರೆ ಯಾವ ವಿಷವೆಂದು ಆಕೆ ನಿದ್ದೆಯಲ್ಲೂ ಹೇಳಬಲ್ಲಳು. ಹೃದಯದ ಜೀವಕೋಶಗಳಿಗೆ ಕ್ಯಾಲ್ಸಿಯಂ ಹೋಗುವ ಸಣ್ಣ ಕಿಂಡಿಗಳಿವೆ. ಈ ಮದ್ದು ಅವನ್ನು ಅರ್ಧ ಮುಚ್ಚಿ ಹೃದಯವನ್ನು ಸಮಾಧಾನದಲ್ಲಿಡುತ್ತದೆ. ಈಗ ಎಲ್ಲ ಕಿಂಡಿಗಳೂ ಪೂರ್ತಿ ಮುಚ್ಚುತ್ತಿದ್ದವು. ಉಸಿರಿನ ಕೊಳವೆ ಹಾಕಿ, ಕ್ಯಾಮೆರಾದ ಕೊಳವೆಯನ್ನು ಹೊಟ್ಟೆಗಿಳಿಸಿ ನೋಡಿದರು. ನಕ್ಷತ್ರ ಇರಲಿಲ್ಲ. ಕಳಚಿಬಿದ್ದ ತೋಳುಗಳು ಚೆಲ್ಲಾಪಿಲ್ಲಿಯಾಗಿದ್ದವು, ಒಳಗೆಲ್ಲ ಖಾಲಿ. ಉಳಿದ ಮೂರು ವಾರಗಳ ಮದ್ದು ಒಂದೇ ರಾತ್ರಿಯಲ್ಲಿ ರಕ್ತ ಸೇರಿತ್ತು.

ಚಿಕಿತ್ಸೆ ಶುರುವಾಯಿತು. ಮೊದಲು ಕ್ಯಾಲ್ಸಿಯಂ. ಆಮೇಲೆ ಗ್ಲೂಕೋಸಿನ ಜೊತೆ ಇನ್ಸುಲಿನ್, ನರ್ಸ್ ಕೂಡ ಒಮ್ಮೆ ತಿರುಗಿ ಕೇಳುವಷ್ಟು ದೊಡ್ಡ ಪ್ರಮಾಣದಲ್ಲಿ. ಬಾಗಿಲ ಗಾಜಿನಾಚೆ ನಿಂತಿದ್ದ ಶಾಹೀನ್ ಒಳಗೇ ಬಂದುಬಿಟ್ಟಳು.

"ನಮ್ಮ ಅಬ್ಬಾಗ ಸಕ್ಕರಿ ಬ್ಯಾನಿ ಇಲ್ಲ ಅಂತ ಹೇಳಿದ್ನಲ್ರಿ ಡಾಕ್ಟರ. ಇನ್ಸುಲಿನ್ ಯಾಕ ಹಾಕಾಕತ್ತೀರಿ?"

"ಬ್ಯಾನಿ ಇಲ್ಲ, ಖರೆ. ಈಗ ಅವರ ಹೃದಯಕ್ಕ ಹಸಿವಿ ಆಗ್ಯದ. ಕುಸ್ತಿ ಆಡಿ ಸುಸ್ತಾದವರಿಗೆ ಬೆಲ್ಲ ಕೊಡ್ತೀರಿಲ್ಲ, ಹಂಗ ಪೆಟ್ಟು ತಿಂದ ಹೃದಯಕ್ಕ ಸಕ್ಕರಿ ಬೇಕು. ರಕ್ತದಾಗ ಸಕ್ಕರಿ ತುಂಬಿ ತುಳುಕಲಿಕ್ಕತ್ತದ, ಆದ್ರ ಒಳಗ ಒಯ್ಯವರು ಯಾರೂ ಇಲ್ಲ. ಈ ಮದ್ದು ಮೈಯೊಳಗಿನ ಇನ್ಸುಲಿನ್ನನ್ನೂ ಕಟ್ಟಿ ಹಾಕ್ಯದ. ಅದಕ್ಕ ನಾವು ಹೊರಗಿಂದ ಹಾಕಲಿಕ್ಕತ್ತೇವಿ."

ಶಾಹೀನ್ ತಲೆಯಾಡಿಸಿದಳು. ಹೊರಗಿನ ಪಡಸಾಲೆಯಲ್ಲಿ ಉಸ್ತಾದರ ಶಿಷ್ಯೆಯರು ಟ್ರ್ಯಾಕ್‌ಸೂಟಿನಲ್ಲೇ ನೆಲದ ಮೇಲೆ ಸಾಲಾಗಿ ಕೂತಿದ್ದರು. ಬಂಗಾರ ಗೆದ್ದವಳ ಪದಕ ಇನ್ನೂ ಕೊರಳಲ್ಲೇ ಇತ್ತು. ತೆಗೆಯಬೇಕೆಂದು ಆಕೆಗೆ ಹೊಳೆದಿರಲಿಲ್ಲ.

ಇನ್ಸುಲಿನ್ ಕೆಲಸ ಮಾಡಲು ಹೊತ್ತು ಬೇಕು. ಅಲ್ಲಿಯವರೆಗೆ ರಕ್ತನಾಳಗಳನ್ನು ಬಿಗಿಮಾಡುವ ಔಷಧ ಹರಿಸಿ ಒತ್ತಡ ಹಿಡಿದಿಟ್ಟರು. ಹಿಡಿದಷ್ಟೂ ಜಾರಿತು. ಇಂಥ ಹೊತ್ತಿನಲ್ಲಿ ರಕ್ತವನ್ನು ಹೊರಗೆ ತಂದು ತಾನೇ ಪಂಪು ಮಾಡುವ ಯಂತ್ರವೊಂದು ಆಸ್ಪತ್ರೆಯಲ್ಲಿತ್ತು. ಒಂದೇ ಇತ್ತು. ಅದು ಎರಡು ದಿನದಿಂದ ಒಬ್ಬ ಬಾಣಂತಿಯನ್ನು ಉಳಿಸಿಟ್ಟಿತ್ತು. ಅವಳಿಂದ ಬಿಡಿಸುವ ಮಾತೇ ಇಲ್ಲ. ಬೆಳಗಾವಿಗೆ ಸಾಗಿಸೋಣವೆಂದರೆ ರೋಗಿ ಅಲ್ಲಿಯವರೆಗೆ ತಾಳುವ ಸ್ಥಿತಿಯಲ್ಲಿರಲಿಲ್ಲ.

ಆಸ್ಪತ್ರೆಯ ನಿರ್ದೇಶಕರು ಡಾಕ್ಟರ್ ಶಿವಾನಂದ ಚಿಕ್ಕಮಠ. ಹೃದ್ರೋಗ ತಜ್ಞರು, ನಿಧಾನದ ಮನುಷ್ಯ. ಮಾನಿಟರಿನ ಮೇಲಿನ ಗೆರೆಯನ್ನು ನೋಡುತ್ತ ಅವರು ಮೆಲ್ಲಗೆ ಹೇಳಿದರು: "ನಿಮ್ಮ ಮನಸ್ಸಿನ್ಯಾಗ ಏನದ ಅಂತ ಗೊತ್ತಾತು. ಆಡಿಗೆ ಹಾಕಿದ್ದನ್ನ ಮನುಷ್ಯಾಗ ಹಾಕೋಣು ಅಂತೀರಿ."

"ಹೌದು ಸರ್."

"ಇವರು ಹೋದ್ರಂದ್ರ, ಜನ ವಿಷದಿಂದ ಹೋದ್ರು ಅನ್ನಂಗಿಲ್ಲ. ಬಲೆಹನಿಯಿಂದ ಹೋದ್ರು ಅಂತಾರ. ಆರು ವರ್ಷದ ಕೆಲಸ ಇಲ್ಲಿಗೇ ಮುಗೀತದ."

"ಇವರನ್ನ ಕೈಬಿಟ್ಟು ಬಲೆಹನಿ ಉಳಿಸಿಕೊಂಡು ಏನು ಮಾಡೋದು ಸರ್? ಗಾಜಿನ ಕಪಾಟಿನ್ಯಾಗ ಇಡೋಣೇನು?"

ಚಿಕ್ಕಮಠರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿ ಮುಗಿಸುವಷ್ಟರಲ್ಲಿ ಒಪ್ಪಿದ್ದರು. "ಮಗಳಿಗೆ ಎಲ್ಲಾ ಹೇಳ್ರಿ. ಒಂದೂ ಮುಚ್ಚಿಡಬ್ಯಾಡ್ರಿ."

ಮೃಣಾಲಿನಿ ಶಾಹೀನಳನ್ನು ಪಕ್ಕಕ್ಕೆ ಕರೆದು ಇದ್ದದ್ದು ಇದ್ದ ಹಾಗೆ ಹೇಳಿದಳು. ಇದನ್ನು ಮನುಷ್ಯರಿಗೆ ಇದುವರೆಗೆ ಹಾಕಿಲ್ಲವೆಂದಳು. ಆಡುಗಳಲ್ಲಿ ಬಹಳಷ್ಟು ಬದುಕಿದವು, ಎಲ್ಲವೂ ಬದುಕಲಿಲ್ಲವೆಂದೂ ಹೇಳಿದಳು.

ಶಾಹೀನ್ ಕೇಳಿದ್ದು ಒಂದೇ ಪ್ರಶ್ನೆ. "ಹಾಕದಿದ್ರ?"

"ನನಗನಸತದ, ಸಂಜಿತನಕ ಇರೂದು ಕಠಿಣ."

"ಹಂಗಾದ್ರ ಹಾಕ್ರಿ. ಕಣಕ್ಕ ಇಳದ ಮ್ಯಾಲ ಹಿಂದ ಸರೀಬಾರದು ಅಂತ ನಮಗ ಕಲಿಸಿದವರ ಅವರು." ಅಷ್ಟು ಹೇಳಿ ಆಕೆ ಗೋಡೆಗೆ ಮುಖಮಾಡಿ ನಿಂತಳು. ಅಗಲವಾದ ಬೆನ್ನು ಒಮ್ಮೆ ಅದುರಿ ನೆಟ್ಟಗಾಯಿತು.

ತೇಜಸ್ವಿನಿ ಚೀಲಗಳನ್ನು ಎದೆಗವಚಿಕೊಂಡು ಓಡಿಬಂದಳು. ಹೊಕ್ಕುಳ ಕೆಳಗೆ ಸಣ್ಣ ರಂಧ್ರ ಮಾಡಿ ಕೊಳವೆ ಇಳಿಸಿದರು. ಗೂಟಕ್ಕೆ ತೂಗಿದ ಚೀಲದಿಂದ ಹಾಲು ಇಳಿಯತೊಡಗಿತು. ನಿಗದಿಯಾದಷ್ಟು ಹೊತ್ತು ಕಾದು, ಕೆಳಗಿನ ಚೀಲಕ್ಕೆ ಹೊರಹರಿಸಿದರು.

ಬಂದದ್ದು ಬೆಳ್ಳಗಿನ ಹಾಲೇ. ಹೇಗೆ ಹೋಗಿತ್ತೋ ಹಾಗೇ ಬಂದಿತ್ತು.

ತೇಜಸ್ವಿನಿ ಚೀಲವನ್ನು ಬೆಳಕಿಗೆ ಹಿಡಿದಳು, ಹೊರಳಿಸಿದಳು, ಮತ್ತೆ ಹಿಡಿದಳು. "ಮೇಡಂ, ಹನಿಗಳಿಗೆ ಏನೂ ಆಗಿಲ್ಲ. ಮದ್ದೇ ಬಂದಿಲ್ಲ ಒಳಗೆ" ಎಂದಳು. ದನಿ ಅಳುವಿಗೆ ಹತ್ತಿರವಿತ್ತು.

ಆಡುಗಳಲ್ಲಿ ಮೊದಲ ಚೀಲವೇ ಹಳದಿಯಾಗುತ್ತಿತ್ತು. ಆಡಿಗೂ ಈ ಮನುಷ್ಯನಿಗೂ ಏನು ವ್ಯತ್ಯಾಸ? ಮೃಣಾಲಿನಿ ಹಾಸಿಗೆಯ ಸುತ್ತ ಒಮ್ಮೆ ನೋಡಿದಳು. ಪಂಪುಗಳು, ಕೊಳವೆಗಳು, ಹನಿಹನಿಯಾಗಿ ಇಳಿಯುತ್ತಿದ್ದ ಔಷಧಗಳು. ಕಣ್ಣು ಒಂದು ಪಂಪಿನ ಮೇಲೆ ನಿಂತಿತು: ರಕ್ತನಾಳ ಬಿಗಿಮಾಡುವ ಔಷಧ, ಏರಿಸಬಹುದಾದಷ್ಟೂ ಏರಿಸಿದ್ದು. ಅದು ಕೈಕಾಲಿನ ನಾಳಗಳನ್ನಷ್ಟೇ ಬಿಗಿಯುವುದಿಲ್ಲ. ಕರುಳಿನ ನಾಳಗಳನ್ನೂ ಹಿಂಡಿ ಮುಚ್ಚುತ್ತದೆ. ಹೊಟ್ಟೆಯ ಪೊರೆಗೆ ರಕ್ತವೇ ಬರದಿದ್ದರೆ ಬಲೆಗೆ ಮೀನು ಎಲ್ಲಿಂದ ಬರಬೇಕು? ಆಡುಗಳಿಗೆ ಈ ಔಷಧವನ್ನು ಇಷ್ಟು ಕೊಟ್ಟಿರಲೇ ಇಲ್ಲ.

"ಈ ಪಂಪ್ ಇಳಸ್ರಿ. ಅರ್ಧಕ್ಕ ತರ್ರಿ" ಎಂದಳು.

ಚಿಕ್ಕಮಠರು ಬೆಚ್ಚಿಬಿದ್ದರು. "ಏನು ಹೇಳಲಿಕ್ಕತ್ತೀರಿ? ಇದನ್ನ ಹಿಡಕೊಂಡ ಅವರು ನಿಂತಾರ! ಇಳಿಸಿದ್ರ ಒತ್ತಡ ಕುಸೀತದ."

"ಕುಸೀತದ ಸರ್. ಅದರ ಸಲುವಾಗಿ ಇನ್ಸುಲಿನ್ ಏರಸೋಣು. ಎಕೋದಾಗ ನೋಡ್ರಿ, ಮಧ್ಯಾಹ್ನಕ್ಕಿಂತ ಹೃದಯ ಈಗ ಸ್ವಲ್ಪ ಜೋರ ಹಿಂಡಲಿಕ್ಕತ್ತದ. ನಾವು ನಾಳಾ ಬಿಗಿದು ಒತ್ತಡ ಮಾಡೋದು ಬ್ಯಾಡ. ಹೃದಯಾನ ಮಾಡಲಿ. ನಾಳಾ ಸಡಲ ಆದ್ರ ರಕ್ತ ಹೊಟ್ಟಿಗಿ ಬರತದ."

"ಹೃದಯಾ ಮಾಡದಿದ್ರ?"

ಚಿಕ್ಕಮಠರು ಎಕೋ ಯಂತ್ರದ ಕಡ್ಡಿಯನ್ನು ತಾವೇ ತೆಗೆದುಕೊಂಡು ಉಸ್ತಾದರ ಎದೆಗೆ ಹಿಡಿದರು. ಪರದೆಯ ಮೇಲೆ ಬೂದುಬಣ್ಣದ ಮುಷ್ಟಿಯೊಂದು ಸೋಮಾರಿಯಾಗಿ ಮುಚ್ಚಿ ತೆರೆಯುತ್ತಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ಅವರೇ ಕೈ ಚಾಚಿ ಪಂಪಿನ ಗುಂಡಿ ಒತ್ತಿದರು. "ಮಾಡ್ರಿ. ನಾ ಹೃದಯಾ ನೋಡತಿರತೇನಿ, ನೀವು ಹೊಟ್ಟಿ ನೋಡ್ರಿ."

ಒತ್ತಡ ಇಳಿಯಿತು. ಯಂತ್ರ ಚೀರತೊಡಗಿತು, ಯಾರೋ ಅದರ ಬಾಯಿ ಮುಚ್ಚಿಸಿದರು. ಇನ್ನೂ ಇಳಿಯಿತು. ಎರಡನೆಯ ಚೀಲ ಹೊಟ್ಟೆಯೊಳಗಿತ್ತು. ಮೃಣಾಲಿನಿ ಉಸ್ತಾದರ ಪಾದ ಹಿಡಿದುಕೊಂಡು ನಿಂತಿದ್ದಳು, ಅಲ್ಲಿನ ನಾಡಿ ಬೆರಳಿಗೆ ಸಿಗುತ್ತಿದೆಯೇ ಎಂದು. ಒಮ್ಮೆ ಸಿಕ್ಕಂತಾಯಿತು, ಒಮ್ಮೆ ಇಲ್ಲವೆನಿಸಿತು. ಒತ್ತಡದ ಅಂಕಿ ಇಳಿದಲ್ಲೇ ನಿಂತು, ಯೋಚನೆ ಮಾಡುವವರ ಹಾಗೆ ತಡೆದು, ಒಂದು ಮೆಟ್ಟಿಲು ಮೇಲೆ ಬಂತು.

"ಹಿಂಡತದ" ಎಂದರು ಚಿಕ್ಕಮಠರು, ಪರದೆಯಿಂದ ಕಣ್ಣು ತೆಗೆಯದೆ. "ತಾನ ಹಿಂಡಲಿಕ್ಕತ್ತದ."

ಕೆಳಗಿನ ಚೀಲದ ಕ್ಲಿಪ್ ಬಿಚ್ಚಿದರು. ಕೊಳವೆಯಲ್ಲಿ ಮೊದಲು ಬೆಳ್ಳಗಿನದೇ ಬಂತು. ಅದರ ಹಿಂದೆ ಅರಿಶಿನದ ಹಾಲಿನಂಥದು. ಚೀಲ ತುಂಬುತ್ತ ಹೋದಂತೆ ಬಣ್ಣ ಗಟ್ಟಿಯಾಯಿತು. ಮೂರನೆಯ ಚೀಲ ಹೊರಬಂದಾಗ ಅದು ಸೇವಂತಿಗೆ ಹೂವಿನ ಹಳದಿ.

ತೇಜಸ್ವಿನಿ ಆ ಬಿಸಿ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗಾಜಿನ ಬಾಗಿಲಿನತ್ತ ತಿರುಗಿದಳು. ಆಚೆ ಶಾಹೀನ್ ನಿಂತಿದ್ದಳು. ಬಣ್ಣದ ವಿಷಯವನ್ನು ಆಕೆಗೆ ಮೊದಲೇ ಹೇಳಿದ್ದರು. ಆಕೆ ನೋಡಿದಳು, ಕಣ್ಣು ಅಗಲವಾದವು, ತಿರುಗಿ ಪಡಸಾಲೆಗೆ ಏನೋ ಕೂಗಿದಳು. ನೆಲದ ಮೇಲೆ ಕೂತಿದ್ದ ಅಷ್ಟೂ ಹುಡುಗಿಯರು ಒಟ್ಟಿಗೆ ಎದ್ದು ತೊಡೆ ತಟ್ಟಿದ ಸದ್ದು ಒಳಗಿನವರೆಗೆ ಕೇಳಿಸಿತು. ಆಸ್ಪತ್ರೆಯಲ್ಲಿ ಗದ್ದಲ ಮಾಡಬಾರದೆಂಬ ನಿಯಮವನ್ನು ಆ ಸಂಜೆ ಯಾರೂ ನೆನಪಿಸಲಿಲ್ಲ.

ಮರುದಿನ ಬೆಳಿಗ್ಗೆ ಉಸಿರಿನ ಕೊಳವೆ ತೆಗೆದರು. ಮೌಲಾಸಾಬರು ಕೆಮ್ಮಿ, ಸುತ್ತ ನೋಡಿ, ಗೊಗ್ಗರು ದನಿಯಲ್ಲಿ ಕೇಳಿದ್ದು ಇಷ್ಟು: "ಹುಡುಗ್ಯಾರು ಊಟ ಮಾಡ್ಯಾರೇನು?"

ಶಾಹೀನ್ ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಆಗ ಅತ್ತಳು. "ನಿನ್ನ ಮೊನ್ನಿ ಊಟಾನ ನಮ್ಮ ಜೀವಾ ತಗೊಂತಿತ್ತು ಅಬ್ಬಾ. ಅಷ್ಟ ತಿನ್ನಬ್ಯಾಡ ಅಂತ ಬಡಕೊಂಡೆ."

"ತಿಂದ್ರ ಏನಾತು? ಎದಿ ಉರೀತಂತ ಸೋಡಾ ಕುಡದ್ನಲ್ಲ."

ಮೃಣಾಲಿನಿ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದಳು. "ಯಾವ ಸೋಡಾ, ಉಸ್ತಾದರ?"

"ಅಡಗಿ ಸೋಡಾರಿ. ಅಡಗಿ ಭಟ್ಟನ ಕಡೆ ಇಸಗೊಂಡೆ. ಲೋಟದಾಗ ಎರಡ ಚಮಚಾ ಹಾಕಿ ಕುಡದೆ. ಡರ್ ಅಂತ ತೇಗು ಬಂತು, ಹಿತಾ ಅನಸ್ತು. ಮತ್ತ ಕುಡದೆ. ರಾತ್ರಿ ಎದ್ದೆದ್ದ ಕುಡದೆ."

ಆ ಗುಳಿಗೆಯ ಬಗ್ಗೆ ಸಾವಿರ ಸಲ ಓದಿದ್ದೆಲ್ಲ ಆಕೆಗೆ ಒಮ್ಮೆಲೇ ಅರ್ಥವಾಯಿತು. ನಕ್ಷತ್ರವೇನಾದರೂ ಜಾರಿ ಕರುಳಿಗೆ ಹೋದರೆ ದಾರಿ ಕಟ್ಟಬಾರದೆಂದು, ಅದರ ಕೀಲುಗಳನ್ನು ಒಂದು ವಿಶೇಷ ಅಂಟಿನಿಂದ ಮಾಡಿದ್ದರು. ಜಠರದ ಹುಳಿಯಲ್ಲಿ ಆ ಅಂಟು ಕಲ್ಲು. ಹುಳಿಯಿಲ್ಲದ ಕರುಳಿನಲ್ಲಿ ಬೆಣ್ಣೆ. ಅಡುಗೆ ಸೋಡಾ ಜಠರದ ಹುಳಿಯನ್ನೇ ಕೊಂದುಬಿಟ್ಟರೆ, ನಕ್ಷತ್ರ ತಾನು ಕರುಳಿಗೆ ಬಂದೆನೆಂದೇ ತಿಳಿಯುತ್ತದೆ. ಕೀಲು ಕಳಚುತ್ತದೆ, ತೋಳಿನ ಬಾಯಿ ತೆರೆಯುತ್ತದೆ. ಸುರಕ್ಷತೆಗೆಂದು ಮಾಡಿದ್ದೇ ಮುಳುವಾಗಿತ್ತು.

ಪ್ರಯೋಗಾಲಯದಲ್ಲಿ ತೇಜಸ್ವಿನಿ ಎರಡು ಬೆಚ್ಚಗಿನ ಲೋಟಗಳಲ್ಲಿ ಎರಡು ನಕ್ಷತ್ರ ಹಾಕಿದಳು, ಒಂದು ಹುಳಿನೀರಿಗೆ, ಇನ್ನೊಂದು ಸೋಡಾ ನೀರಿಗೆ. ಹುಳಿಯಲ್ಲಿನದು ಅಲುಗಲಿಲ್ಲ. ಸೋಡಾದಲ್ಲಿನದರ ತೋಳುಗಳು ಚಹಾ ಕುಡಿದು ಮುಗಿಸುವಷ್ಟರಲ್ಲಿ ಒಂದೊಂದಾಗಿ ತಳಕ್ಕೆ ಬಿದ್ದವು.

ಮೃಣಾಲಿನಿ ಮನೆಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಕಾಯದೆ ಬಿಳಿ ಕೋಟಿನಲ್ಲೇ ಆಟೋ ಹತ್ತಿದಳು. ದಾರಿಯುದ್ದಕ್ಕೂ ಆಕೆಯ ಕಣ್ಣಮುಂದೆ ಅತ್ತೆಯ ಅಡುಗೆಮನೆಯ ಮಾಡ, ಅದರ ಮೇಲಿನ ಸೋಡಾದ ಡಬ್ಬಿ. ಬಾಗಿಲು ನೂಕಿಕೊಂಡು ಒಳಗೆ ಓಡಿದರೆ ಇಂದೂಬಾಯಿ ಒಲೆಯ ಮುಂದೆ ನಿಂತಿದ್ದರು. ಕೈಯಲ್ಲಿ ಚಮಚ. ಚಮಚದಲ್ಲಿ ಬಿಳಿಪುಡಿ.

"ಅತ್ಯಾ! ಕುಡೀಬ್ಯಾಡ್ರಿ!"

ಇಂದೂಬಾಯಿಯ ಕೈಯಿಂದ ಚಮಚ ಜಾರಿ ಬಿತ್ತು. "ಏನಾಗ್ಯದ ನಿನಗ? ಬಜಿ ಹಿಟ್ಟಿಗೆ ಚೂರ ಸೋಡಾ ಹಾಕಲಿಕ್ಕತ್ತಿದ್ದೆ. ಹಿಟ್ಟು ಯಾರರ ಕುಡೀತಾರೇನು?"

ಮೃಣಾಲಿನಿ ಅಲ್ಲೇ ಅಡುಗೆಮನೆಯ ನೆಲಕ್ಕೆ ಕುಸಿದು ಕೂತಳು. ಮೊದಲು ನಗು ಬಂತು, ಆಮೇಲೆ ಅಳು ಬಂತು, ಎರಡೂ ಸೇರಿಕೊಂಡವು. ಇಂದೂಬಾಯಿ ಒಲೆ ಆರಿಸಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ಪಕ್ಕದಲ್ಲಿ ಕೂತು, ಸೊಸೆಯ ತಲೆ ಸವರಿದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಕೇಳಿ ಮುಗಿದ ಮೇಲೆ ಅವರ ಮುಖ ಶಾಲೆಯಲ್ಲಿದ್ದಾಗಿನಂತೆ ಆಯಿತು.

"ಊರ ಮಂದಿಗೆ ಹೇಳೀರಿ?"

"ಸರಕಾರದವರು ಪ್ರಕಟಣೆ ಹೊರಡಸ್ತಾರಂತ. ಸಂಜಿಗೆ ಬರತದ."

"ಸಂಜಿತನಕ ಎಷ್ಟ ಮಂದಿ ಸೋಡಾ ಕುಡೀತಾರ? ನಿನ್ನ ಫೋನ್ ತಾ ಇಲ್ಲೆ. ನಾ ಮಾತಾಡತೇನಿ, ನೀ ಎಲ್ಲಾರಿಗೂ ಕಳಸು."

ಆ ಧ್ವನಿಸಂದೇಶವನ್ನು ಉತ್ತರ ಕರ್ನಾಟಕದಲ್ಲಿ ಕೇಳದವರು ಕಡಿಮೆ. "ನಾನು ಇಂದೂಬಾಯಿ ಸವಣೂರ, ನಿವೃತ್ತ ಶಿಕ್ಷಕಿ. ಲಕ್ಷ್ಯ ಕೊಟ್ಟು ಕೇಳ್ರಿ. ಬಿಪಿಗೆ ತಿಂಗಳ ಗುಳಿಗಿ ನುಂಗಿದವರು ಎದಿ ಉರೀತಂತ ಅಡಗಿ ಸೋಡಾ ಕುಡೀಬಾರದು. ಬಜಿ ತಿಂದ್ರ ಏನೂ ಆಗಂಗಿಲ್ಲ, ನೀರಾಗ ಕಲಿಸಿ ಕುಡದ್ರ ಜೀವಕ್ಕ ಅಪಾಯ ಅದ. ಈಗಾಗ್ಲೇ ಕುಡದಿದ್ರ, ಆರಾಮ ಇದ್ದರೂ ಸೀದಾ ದವಾಖಾನಿಗೆ ಹೋಗ್ರಿ. ಹಿಂದ ಕೂತವರಿಗೂ ಕೇಳಿಸ್ತಿಲ್ಲೋ?" ಮಧ್ಯಾಹ್ನದೊಳಗೆ ಅದು ಬಸ್ ನಿಲ್ದಾಣಗಳ ಧ್ವನಿವರ್ಧಕದಲ್ಲಿತ್ತು, ಮಸೀದಿಗಳ ಮೈಕಿನಲ್ಲಿತ್ತು, ಸಂತೆಯ ರಿಕ್ಷಾಗಳ ಮೇಲಿತ್ತು. ಎಷ್ಟೋ ಕಡೆ ಅವರ ಹಳೆಯ ವಿದ್ಯಾರ್ಥಿನಿಯರು ಆ ದನಿ ಕೇಳಿಯೇ ನೆಟ್ಟಗೆ ಕೂತರಂತೆ.

ಜನ ಆಸ್ಪತ್ರೆಗಳಿಗೆ ಬಂದರು. ಬಹಳಷ್ಟು ಮಂದಿಯ ನಕ್ಷತ್ರ ಇನ್ನೂ ಗಟ್ಟಿಯಾಗಿತ್ತು. ಕ್ಯಾಮೆರಾ ಕೊಳವೆ ಹಾಕಿ ಹೊರತೆಗೆದು ದಿನದ ಗುಳಿಗೆ ಕೊಟ್ಟು ಕಳಿಸಿದರು. ಇಂದೂಬಾಯಿಯೂ ತಮ್ಮದನ್ನು ತೆಗೆಸಿಕೊಂಡರು, ಗಂಟಲು ಕೆರೆಯಿತೆಂದು ಎರಡು ದಿನ ಸೊಸೆಯ ಮೇಲೆ ರೇಗಿದರು. ಕೆಲವರು ಮಾತ್ರ ತಡವಾಗಿ ಬಂದರು. ಎಚ್ಚರಿಕೆ ಮುಟ್ಟುವ ಮೊದಲೇ ಗದಗಿನ ಕಡೆ ಇಬ್ಬರು ತೀರಿಹೋಗಿದ್ದರು. ಹೃದಯಾಘಾತವೆಂದೇ ಮನೆಯವರು ತಿಳಿದಿದ್ದರು. ಆ ಸುದ್ದಿ ಬಂದ ದಿನ ಮೃಣಾಲಿನಿ ಊಟ ಬಿಟ್ಟಳು. ಮರುದಿನ ಕಂಪನಿ ಗುಳಿಗೆಯನ್ನು ಹಿಂದಕ್ಕೆ ಪಡೆಯಿತು. ಸಭೆಯಲ್ಲಿ ನಗುತ್ತಿದ್ದವರೇ ಬಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತರು. ಆಕೆ ಅವರನ್ನು ಬೈಯಲಿಲ್ಲ. "ನಿಮ್ಮ ಕಾರ್ಖಾನಿಯೊಳಗ ಬಲೆಹನಿ ತುಂಬಿ ಕೊಡ್ರಿ, ಹಗಲೂ ರಾತ್ರಿ. ಮಾತು ಆಮ್ಯಾಲೆ ಆಡೋಣು" ಎಂದಳು. ಅವರು ತುಂಬಿದರು.

ಚೀಲಗಳು ತಾಲೂಕು ಆಸ್ಪತ್ರೆಗಳಿಗೆ ಹೊರಟವು. ಚಿಕ್ಕಮಠರು ತಾವೇ ಕಂಪ್ಯೂಟರ್ ಪರದೆಯ ಮುಂದೆ ಕೂತು, ಊರೂರಿನ ವೈದ್ಯರಿಗೆ ಒಂದೇ ಪಾಠ ಹೇಳಿದರು: ಇನ್ಸುಲಿನ್ನಿಗೆ ಅಂಜಬೇಡಿ, ನಾಳಗಳನ್ನು ವಿಪರೀತ ಬಿಗಿಯಬೇಡಿ, ಹಳದಿ ಬರುವವರೆಗೆ ಬಿಡಬೇಡಿ.

ವಾರ ಕಳೆದ ಮೇಲೆ ಒಂದು ಮುಂಜಾನೆ ಪ್ರಯೋಗಾಲಯದಲ್ಲಿ ಮೃಣಾಲಿನಿ, ತೇಜಸ್ವಿನಿ, ಚಿಕ್ಕಮಠರು ಮೂವರೂ ಇದ್ದಾಗ ಸುರಪುರದಿಂದ ಫೋನ್ ಬಂತು. ಅಲ್ಲಿಯ ತಾಲೂಕು ಆಸ್ಪತ್ರೆಗೆ ಹೊಸದಾಗಿ ಬಂದ ವೈದ್ಯೆ, ಸೌಜನ್ಯಾ ಕುಂಬಾರ ಅಂತೆ. ಹಿಂದಿನ ದಿನ, ತಿಂಗಳ ಗುಳಿಗೆಯ ಮೇಲೆ ಸೋಡಾ ಕುಡಿದಿದ್ದ ಒಬ್ಬ ಮುದುಕಿಯನ್ನು ಎತ್ತಿನ ಗಾಡಿಯಲ್ಲಿ ತಂದಿದ್ದರು, ನಾಡಿಯೇ ಸಿಗುತ್ತಿರಲಿಲ್ಲ. ಆ ಆಸ್ಪತ್ರೆಯಲ್ಲಿ ಪಂಪು ಮಾಡುವ ಯಂತ್ರವಿಲ್ಲ, ಹೃದಯದ ತಜ್ಞರಿಲ್ಲ.

"ಒಬ್ಬಳ ಇದ್ದೆ ಮೇಡಂ" ಎಂದಿತು ಆ ಎಳೆಯ ದನಿ. "ನೀವು ಹೇಳಿದಂಗ ಮಾಡಿದೆ. ಕಿಟಕಿ ಸರಳಿಗೆ ಚೀಲಾ ಕಟ್ಟಿದೆ. ಮೊದಲನೇದು ಬೆಳ್ಳಗ ಬಂತು. ಹೆದರಿ ಸತ್ತೆ. ಎರಡನೇದು..."

"ಎರಡನೇದು?"

"ಹಳದಿರಿ ಮೇಡಂ! ಹಳದಿ!"

ಚಿಕ್ಕಮಠರು ಎದ್ದುನಿಂತರು. ತೇಜಸ್ವಿನಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೃಣಾಲಿನಿ ಏನೋ ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಫೋನಿನ ಆಚೆಯಿಂದ ಇನ್ನೊಂದು ದನಿ ನುಗ್ಗಿತು, ಬಿರುಸಾದ ಮುದಿ ದನಿ.

"ಯಾರಕೂಡ ಮಾತಾಡಕತ್ತೀ ತಂಗಿ? ರಾತ್ರೆಲ್ಲಾ ಹೊಟ್ಟಿಗಿ ಹಾಲ ಬಿಟ್ಟೀರಿ, ಬಾಯಿಗಿ ಒಂದ ಗುಟಕ ಚಾ ಕೊಡಾಕ ನಿಮಗೇನ ಧಾಡಿ?"

ಮೃಣಾಲಿನಿ ನಕ್ಕಳು. ಕಿಟಕಿಯಾಚೆ ಮರದ ಮೇಲಿದ್ದ ಪಾರಿವಾಳಗಳು ಹಾರಿದವು, ಎದುರಿನ ವಾರ್ಡಿನಿಂದ ಯಾರೋ ಇಣುಕಿ ನೋಡಿದರು. ನಗು ತಡೆಯಲಾರದೆ, ಕಣ್ಣೊರೆಸಿಕೊಳ್ಳುತ್ತ, ಆಕೆ ಫೋನಿಗೆ ಕೂಗಿ ಹೇಳಿದಳು:

"ಕೊಡ್ರಿ ಡಾಕ್ಟರ, ಕೊಡ್ರಿ! ಅಜ್ಜಿಗೆ ಮೊದಲ ಚಹಾ ಕೊಡ್ರಿ!"